ತಾಯಿಯಿಂದ ಮಗಳಿಗೆ ಬಂದ ಹಣೆಬರಹ: ವಿದ್ಯಾಸುಂದರಿ ಬೆಂಗಳೂರು ನಾಗರತ್ನಮ್ಮ

ಪುಷ್ಯ ಬಹುಳ ಪಂಚಮಿ ಬಂತೆಂದರೆ ದೆಹಲಿಯಲ್ಲಿ ಚಳಿ ಇನ್ನೂ ಬಿಟ್ಟಿರುವುದಿಲ್ಲ. ಆದರೂ ನಮ್ಮ ಹಿರಿಯರು ಕರೋಲ್ ಬಾಗಿನಲ್ಲಿ ಸಂಸಾರ ಹೂಡಿದ್ದ ದಿನಗಳಿಂದಲೂ ಆ ಹೊತ್ತಿಗೆ ತ್ಯಾಗರಾಜರ ಆರಾಧನೆಯನ್ನು ತಪ್ಪಿಸಿದವರಲ್ಲ. ಸ್ವಾತಂತ್ರ್ಯ ಬಂದ ನಂತರದ ವರ್ಷಗಳಲ್ಲಿ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕೆಲಸ ಹಿಡಿದು ಬಂದ ದಕ್ಷಿಣದವರಲ್ಲಿ ಬಹಳಷ್ಟು ಮಂದಿ ಮೊದಲು ನೆಲೆ ಕಂಡದ್ದು ಈ ಬಡಾವಣೆಯಲ್ಲಿಯೇ. ಅಜ್ಮಲ್ ಖಾನ್ ರಸ್ತೆಯ ಗದ್ದಲದ ಹಿಂದಿನ ಗಲ್ಲಿಗಳಲ್ಲಿ, ಮಹಡಿಯ ಮೇಲಿನ ಬರಸಾತಿಗಳಲ್ಲಿ, ಒಂದೂವರೆ ಕೋಣೆಯ ಬಾಡಿಗೆ ಮನೆಗಳಲ್ಲಿ ತಂಬೂರಿ ಅಥವಾ ಶ್ರುತಿಪೆಟ್ಟಿಗೆಗೆ ಒಂದು ಮೂಲೆ ಮೀಸಲಾಗಿರುತ್ತಿತ್ತು. ಜಮಖಾನದ ಮೇಲೆ ಸಾಲಾಗಿ ಕುಳಿತು ನಾಟ, ಗೌಳ, ಆರಭಿ, ವರಾಳಿ, ಶ್ರೀ ರಾಗಗಳ ಪಂಚರತ್ನ ಕೃತಿಗಳನ್ನು ಹಾಡುವವರಲ್ಲಿ ಅಜ್ಜಿಯರು, ತಾಯಂದಿರು, ಹೆಣ್ಣುಮಕ್ಕಳೇ ಹೆಚ್ಚು. ಇಂದು ಆ ಕುಟುಂಬಗಳು ದ್ವಾರಕಾ, ಮಯೂರ್ ವಿಹಾರ್, ನೋಯ್ಡಾ, ಗುರುಗ್ರಾಮಗಳಿಗೆ ಹರಡಿಹೋಗಿವೆ. ಆದರೆ ಆ ಸಾಲು ಬದಲಾಗಿಲ್ಲ. ಈಗಲೂ ಮೊದಲ ಸಾಲಿನಲ್ಲಿ ಕುಳಿತು ಹಾಡುವವರು ನಮ್ಮ ಮನೆಯ ಹೆಣ್ಣುಮಕ್ಕಳೇ.

ಇದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಒಂದು ಕಾಲದಲ್ಲಿ ತ್ಯಾಗರಾಜರ ಸಮಾಧಿಯ ಮುಂದೆ ಹೆಂಗಸರು ಹಾಡುವಂತಿರಲಿಲ್ಲ ಎಂಬುದನ್ನೇ ನಾವು ಮರೆತಿದ್ದೇವೆ. ಆ ನಿಷೇಧವನ್ನು ಎದುರಿಸಿ ನಿಂತವರು ಕನ್ನಡ ನಾಡಿನಲ್ಲಿ ಹುಟ್ಟಿದ ಒಬ್ಬ ಮಹಿಳೆ. ಆಕೆ ಹುಟ್ಟಿದ್ದು ದೇವದಾಸಿಯರ ಮನೆತನದಲ್ಲಿ. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಹಾಡು ಮತ್ತು ಹಣೆಬರಹ ಎರಡೂ ಒಟ್ಟಿಗೆ ಇಳಿದುಬರುತ್ತಿದ್ದ ಮನೆತನದಲ್ಲಿ. ಆಕೆಯ ಹೆಸರು ಬೆಂಗಳೂರು ನಾಗರತ್ನಮ್ಮ. ಅವರ ಬದುಕನ್ನು ನಮ್ಮ ಓದುಗರೊಂದಿಗೆ, ವಿಶೇಷವಾಗಿ ಈ ಊರಿನಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೊಂದಿಗೆ, ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಕಪಿಲಾ ತೀರದಲ್ಲಿ ಜನನ

ನಾಗರತ್ನಮ್ಮನವರು ಹುಟ್ಟಿದ್ದು 1878ರ ನವೆಂಬರ್ 3ರಂದು, ಕಪಿಲಾ ನದಿಯ ದಡದ ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ. ಮೈಸೂರಿನ ಅರಮನೆಯಲ್ಲಿ ಸಂಗೀತ ಸೇವೆ ಸಲ್ಲಿಸಿದ ಹೆಂಗಸರ ವಂಶಕ್ಕೆ ಸೇರಿದವರು. ತಂದೆ ಸುಬ್ಬರಾಯರು ವಕೀಲರು. ಮಗು ಇನ್ನೂ ಎಳೆಯದಾಗಿರುವಾಗಲೇ ಅವರು ತಾಯಿ-ಮಗಳ ಕೈಬಿಟ್ಟರು. ಆ ಕಾಲದ ಕಟ್ಟಳೆಯಲ್ಲಿ ಇದಕ್ಕೆ ದೂರು ಕೊಡುವ ಜಾಗವೇ ಇರಲಿಲ್ಲ.

ಇಲ್ಲಿ ಆ ಪದ್ಧತಿಯ ಬಗ್ಗೆ ನಾಲ್ಕು ಮಾತು ಹೇಳುವುದು ಅಗತ್ಯ. ದೇವದಾಸಿಯರ ಮನೆಯಲ್ಲಿ ಹುಟ್ಟಿದ ಅಥವಾ ದತ್ತು ಬಂದ ಹೆಣ್ಣುಮಗುವಿಗೆ ಎಳೆಯ ವಯಸ್ಸಿನಲ್ಲಿ ದೇವರ ಹೆಸರಿನಲ್ಲಿ ತಾಳಿ ಕಟ್ಟಿ, ಗೆಜ್ಜೆಪೂಜೆ ಮಾಡಿ, ಸೇವೆಗೆ ಒಪ್ಪಿಸುತ್ತಿದ್ದರು. ದೇವರಿಗೆ ಸಾವಿಲ್ಲವಾದ್ದರಿಂದ ಆಕೆ ನಿತ್ಯ ಸುಮಂಗಲಿ. ಮಂಗಳಕಾರ್ಯಗಳಲ್ಲಿ ಆಕೆಗೆ ಮೊದಲ ಕರೆ. ದೇವಾಲಯದ ಸೇವೆಗೆ ಪ್ರತಿಯಾಗಿ ಇನಾಮು ಭೂಮಿಯ ಆದಾಯ ಸಿಗುತ್ತಿತ್ತು. ಆಸ್ತಿ ತಾಯಿಯಿಂದ ಮಗಳಿಗೆ ಹೋಗುತ್ತಿತ್ತು. ಹೆಣ್ಣನ್ನು ದತ್ತು ತೆಗೆದುಕೊಳ್ಳುವ ಅಧಿಕಾರವೂ ಇತ್ತು. ಗೃಹಿಣಿಯರಿಗೆ ಅಕ್ಷರವೇ ನಿಷಿದ್ಧವೆಂಬಂತಿದ್ದ ದಿನಗಳಲ್ಲಿ ಈ ಮನೆಗಳ ಹುಡುಗಿಯರು ಸಂಸ್ಕೃತ, ತೆಲುಗು, ಸಂಗೀತ, ನೃತ್ಯ, ಅಭಿನಯಗಳನ್ನು ಕಲಿಯುತ್ತಿದ್ದರು.

ಆದರೆ ಇದರ ಇನ್ನೊಂದು ಮುಖ ಕಠೋರವಾದದ್ದು. ಆಕೆಗೆ ಮನುಷ್ಯನೊಡನೆ ವಿವಾಹವಿಲ್ಲ. ಊರಿನ ಉಳ್ಳವರೊಬ್ಬರು ಆಶ್ರಯದಾತರಾಗಿ ಬರುತ್ತಿದ್ದರು; ಅವರ ಮನಸ್ಸು ತಿರುಗಿದ ದಿನ ಆಶ್ರಯವೂ ಮುಗಿಯುತ್ತಿತ್ತು. ಹುಟ್ಟಿದ ಮಕ್ಕಳಿಗೆ ತಂದೆಯ ಹೆಸರಿನ ಹಕ್ಕಿಲ್ಲ. ಈ ದಾರಿ ಬೇಕೋ ಬೇಡವೋ ಎಂದು ಐದಾರು ವರ್ಷದ ಮಗುವನ್ನು ಕೇಳುವವರು ಯಾರೂ ಇರಲಿಲ್ಲ. ಎಂ. ಕೆ. ಇಂದಿರಾ ಅವರ ಗೆಜ್ಜೆಪೂಜೆ ಕಾದಂಬರಿಯನ್ನು ಓದಿದವರಿಗೆ, ಪುಟ್ಟಣ್ಣ ಕಣಗಾಲರು 1969ರಲ್ಲಿ ತೆರೆಗೆ ತಂದ ಅದೇ ಹೆಸರಿನ ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡವರಿಗೆ, ಅಜ್ಜಿ, ತಾಯಿ, ಮಗಳು ಒಂದೇ ಹೊಸ್ತಿಲೊಳಗೆ ಸಿಕ್ಕಿಬಿದ್ದ ಆ ಸಂಕಟವನ್ನು ಮತ್ತೆ ವಿವರಿಸಬೇಕಾಗಿಲ್ಲ. ವಿದ್ಯೆ ಮತ್ತು ಬಂಧನ ಎರಡೂ ಒಂದೇ ಗಂಟಿನಲ್ಲಿ ಕಟ್ಟಿ ಬಂದ ಬಳುವಳಿ ಅದು. ನಾಗರತ್ನಮ್ಮನವರ ಎಪ್ಪತ್ತಮೂರು ವರ್ಷಗಳ ಬದುಕನ್ನು ನಾವು ಆ ಗಂಟನ್ನು ಬಿಚ್ಚುವ ಯತ್ನವೆಂದೇ ನೋಡಬಹುದು.

ತಾಯಿಯ ಹಟ

ಸುಬ್ಬರಾಯರು ಕೈಬಿಟ್ಟ ನಂತರ ಪುಟ್ಟಲಕ್ಷ್ಮಮ್ಮನವರಿಗೆ ನೆರಳಾದವರು ಮೈಸೂರು ಆಸ್ಥಾನದ ಸಂಸ್ಕೃತ ವಿದ್ವಾಂಸ ಗಿರಿಭಟ್ಟರ ತಿಮ್ಮಯ್ಯ ಶಾಸ್ತ್ರಿಗಳು. ಅವರ ಬಳಿ ಬಾಲಕಿಯ ಸಂಸ್ಕೃತ ಮತ್ತು ಸಂಗೀತ ಪಾಠ ಆರಂಭವಾಯಿತು. ಮಗು ಚುರುಕು; ಕಲಿಸಿದ್ದನ್ನು ಕೂಡಲೇ ಒಪ್ಪಿಸುವ ಬುದ್ಧಿ. ಐದನೆಯ ವಯಸ್ಸಿನಲ್ಲಿ ವಂಶದ ಪದ್ಧತಿಯಂತೆ ಆಕೆಯನ್ನು ದೇವದಾಸಿಯಾಗಿ ಸಮರ್ಪಿಸಲಾಯಿತು. ಕೆಲವೇ ಸಮಯದಲ್ಲಿ ಶಾಸ್ತ್ರಿಗಳ ಆಶ್ರಯವೂ ಕಳಚಿಬಿತ್ತು. ಎರಡನೆಯ ಬಾರಿ ನೆಲೆ ತಪ್ಪಿದ ಆ ತಾಯಿ ಮೈಸೂರನ್ನು ಬಿಟ್ಟು ಹೊರಟರು.

ಮುಂದೆ ಅವರಿಗೆ ಆಸರೆಯಾದವರು ಪಿಟೀಲು ವಾದಕರಾಗಿದ್ದ ಬಂಧು ವೆಂಕಟಸ್ವಾಮಪ್ಪನವರು. ಅವರ ಆಶ್ರಯದಲ್ಲಿ ನಾಗರತ್ನಮ್ಮನವರ ವಿದ್ಯಾಭ್ಯಾಸ ಮತ್ತೆ ಚಿಗುರಿತು. ಕನ್ನಡ, ತೆಲುಗು, ಸಂಸ್ಕೃತಗಳ ಜೊತೆಗೆ ಇಂಗ್ಲಿಷನ್ನೂ ಕಲಿತರು. ಬೆಂಗಳೂರಿನಲ್ಲಿ ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದ ಮುನಿಸ್ವಾಮಪ್ಪನವರಲ್ಲಿ ಸಂಗೀತಾಭ್ಯಾಸ ನಡೆಯಿತು. ಅಂದು ಯಾರಿಗೂ ತಿಳಿದಿರಲಿಲ್ಲ, ಈ ಹುಡುಗಿ ಒಂದು ದಿನ ತನ್ನ ಗುರುಗಳ ಗುರುಪರಂಪರೆಯ ಮೂಲಪುರುಷನಿಗೆ ಗುಡಿ ಕಟ್ಟುತ್ತಾಳೆಂದು.

ಇಲ್ಲಿ ನಾವು ಗಮನಿಸಬೇಕಾದದ್ದು ಪುಟ್ಟಲಕ್ಷ್ಮಮ್ಮನವರ ಪಾತ್ರ. ಮಗಳನ್ನು ದೇವದಾಸಿಯಾಗಿ ಸಮರ್ಪಿಸಿದವರೂ ಅವರೇ, ಊರೂರು ಅಲೆದು ಅವಳಿಗೆ ನಾಲ್ಕು ಭಾಷೆ ಕಲಿಸಿದವರೂ ಅವರೇ. ತಪ್ಪಿಸಲಾಗದ ಹಣೆಬರಹವನ್ನು ಮಗಳಿಗೆ ಕೊಡಬೇಕಾಗಿ ಬಂದ ತಾಯಿ, ಅದನ್ನು ಎದುರಿಸುವ ಶಕ್ತಿಯನ್ನೂ ಜೊತೆಗೇ ಕೊಡಲು ಹೆಣಗಿದರು. ಅವರ ಹೆಸರು ಯಾವ ಕಚೇರಿಯ ಆಹ್ವಾನಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ಆದರೆ ಮಗಳ ಪಾಂಡಿತ್ಯದ ಬುನಾದಿ ಅವರು ಹಾಕಿದ್ದು.

ಮೈಸೂರಿನಿಂದ ಮದರಾಸಿಗೆ

ಹದಿನೈದರ ಪ್ರಾಯದಲ್ಲಿ ನಾಗರತ್ನಮ್ಮನವರು ವಿದ್ವಾಂಸರ ಸಭೆಯಲ್ಲಿ ರಂಗಪ್ರವೇಶ ಮಾಡಿದರು. ಅವರ ಪ್ರತಿಭೆಯನ್ನು ಮೆಚ್ಚಿದ ಮೈಸೂರಿನ ದೊರೆ ಹತ್ತನೆಯ ಚಾಮರಾಜೇಂದ್ರ ಒಡೆಯರು ಆಸ್ಥಾನ ವಿದುಷಿಯ ಗೌರವವನ್ನಿತ್ತರು. ಬಿಟ್ಟು ಹೋಗಿದ್ದ ಮೈಸೂರಿಗೆ ಮಗಳು ಮರ್ಯಾದೆಯಿಂದ ಹಿಂತಿರುಗಿದಂತಾಯಿತು. ಆದರೆ ಆ ಭಾಗ್ಯ ಹೆಚ್ಚು ಕಾಲ ಉಳಿಯಲಿಲ್ಲ. 1894ರ ಡಿಸೆಂಬರಿನಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿ ಅಕಾಲ ಮರಣಕ್ಕೆ ತುತ್ತಾದರು. ನಾಗರತ್ನಮ್ಮನವರು ಬೆಂಗಳೂರಿಗೆ ಬಂದು ನೆಲೆಸಿದರು. ಅಲ್ಲಿ ಅವರ ಹಾಡುಗಾರಿಕೆ, ನೃತ್ಯ ಎರಡೂ ಮನೆಮಾತಾದವು. ತಿರುವಾಂಕೂರು, ಬೊಬ್ಬಿಲಿ, ವಿಜಯನಗರಂ ಸಂಸ್ಥಾನಗಳಿಂದಲೂ ಕರೆ ಬಂತು.

ಮೈಸೂರು ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ನರಹರಿರಾಯರು ಅವರ ಪೋಷಕರಲ್ಲಿ ಪ್ರಮುಖರು. ಕರ್ನಾಟಕ ಸಂಗೀತಕ್ಕೆ ಮದರಾಸೇ ದೊಡ್ಡ ನೆಲೆಯೆಂದು ತಿಳಿಹೇಳಿ ಅಲ್ಲಿಗೆ ಹೋಗಲು ಸಲಹೆ ನೀಡಿ, ಅನುಕೂಲ ಮಾಡಿಕೊಟ್ಟವರೂ ಅವರೇ. ಮದರಾಸಿನವರು ಅವರನ್ನು ಬೆಂಗಳೂರು ನಾಗರತ್ನಮ್ಮ ಎಂದು ಕರೆದರು. ಊರು ಬಿಟ್ಟ ಮೇಲೆಯೇ ಊರಿನ ಹೆಸರು ಅವರ ಹೆಸರಿಗೆ ಅಂಟಿಕೊಂಡಿತು. ನಮ್ಮಂಥ ಹೊರನಾಡ ಕನ್ನಡಿಗರಿಗೆ ಈ ಅನುಭವ ಹೊಸದೇನಲ್ಲ.

ಮದರಾಸಿನಲ್ಲಿ ಅವರು ಬಹು ಬೇಗ ಮುಂಚೂಣಿಗೆ ಬಂದರು. ಗಂಭೀರವಾದ, ಗಂಡು ಧ್ವನಿಗೆ ಸಮೀಪದ ಶಾರೀರ, ಸ್ಪಷ್ಟ ಸಾಹಿತ್ಯೋಚ್ಚಾರಣೆ, ಹಾಡುವ ಪದದ ಅರ್ಥ ತಿಳಿದು ಹಾಡುವ ಪಾಂಡಿತ್ಯ. ಹರಿಕಥೆಯಲ್ಲೂ ಅವರದು ಎತ್ತಿದ ಕೈ. ಗ್ರಾಮಫೋನ್ ತಟ್ಟೆಗಳ ಮೊದಲ ದಿನಗಳಲ್ಲಿಯೇ ಅವರ ಧ್ವನಿ ಮುದ್ರಣಗೊಂಡು ಮನೆಮನೆ ತಲುಪಿತು. ಒಟ್ಟು 146 ಊರುಗಳಲ್ಲಿ 1,235 ಕಚೇರಿಗಳನ್ನು ನಡೆಸಿದರೆಂದು ಲೆಕ್ಕ ಹೇಳುತ್ತದೆ. ಮದರಾಸಿನಲ್ಲಿ ಆದಾಯ ತೆರಿಗೆ ಕಟ್ಟಿದ ಮೊದಲ ಮಹಿಳಾ ಕಲಾವಿದೆ ಅವರೆಂಬ ಪ್ರತೀತಿಯೂ ಇದೆ. ಯಾರ ಮರ್ಜಿಯನ್ನೂ ಕಾಯದೆ, ದುಡಿದು, ಗಳಿಸಿ, ಲೆಕ್ಕ ಒಪ್ಪಿಸಿ ಬದುಕಿದ ಹೆಣ್ಣು. ತಾಯಿಯ ಬದುಕನ್ನು ಎರಡು ಸಲ ಬುಡಮೇಲು ಮಾಡಿದ ಅನಾಶ್ರಯದ ಭಯಕ್ಕೆ ಮಗಳು ಕೊಟ್ಟ ಉತ್ತರ ಇದು.

ಕಾಲ ಮಾತ್ರ ಅವರ ಕುಲಕ್ಕೆ ವಿರುದ್ಧವಾಗಿ ತಿರುಗುತ್ತಿತ್ತು. ಅವರು ರಂಗವೇರಿದ 1893ರ ಆಸುಪಾಸಿನಲ್ಲಿಯೇ ಮದರಾಸು ಪ್ರಾಂತದಲ್ಲಿ ದೇವದಾಸಿಯರ ನೃತ್ಯಕ್ಕೆ ಬಹಿಷ್ಕಾರ ಹಾಕಬೇಕೆಂಬ ಚಳವಳಿ ಎದ್ದಿತ್ತು. 1909ರ ಹೊತ್ತಿಗೆ ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಾಗರತ್ನಮ್ಮನವರ ಹುಟ್ಟೂರಾದ ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ದೇವದಾಸಿಯರೂ ತಮ್ಮ ಹಕ್ಕು ಉಳಿಸಬೇಕೆಂದು ಅರ್ಜಿ ಹಾಕಿಕೊಂಡರು; ಫಲ ಸಿಗಲಿಲ್ಲ.

ಪುಸ್ತಕದಲ್ಲಿ ಸಿಕ್ಕ ಅಕ್ಕ

ಇದೇ ಅವಧಿಯಲ್ಲಿ ನಾಗರತ್ನಮ್ಮನವರ ಕೈಗೆ ಒಂದು ತೆಲುಗು ಕಾವ್ಯ ಸಿಕ್ಕಿತು. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಮರಾಠ ದೊರೆ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ರಚಿಸಿದ ರಾಧಿಕಾ ಸಾಂತ್ವನಮು. ರಾಧೆ, ಕೃಷ್ಣ ಮತ್ತು ಇಳೆಯರ ಪ್ರೇಮ, ವಿರಹ, ಮುನಿಸುಗಳ ಶೃಂಗಾರ ಕಾವ್ಯವದು. ಮುದ್ದುಪಳನಿಯೂ ಇದೇ ಕುಲದವಳು. ತನ್ನ ಕಾವ್ಯದಲ್ಲಿ ಆಕೆ ಅಜ್ಜಿ ತಂಜನಾಯಕಿಯನ್ನು ಹೆಮ್ಮೆಯಿಂದ ನೆನೆದಿದ್ದಾಳೆ. ಉಳಿದ ಕವಿಗಳು ತಂದೆ, ತಾತ, ಮುತ್ತಾತರ ವಂಶಾವಳಿ ಹೇಳುವಲ್ಲಿ, ಈಕೆ ಹೆಂಗಸರನ್ನು ಮುಂದಿಟ್ಟು ವಂಶವನ್ನು ಹೇಳಿದಳು.

1887ರಲ್ಲಿ ಆ ಕಾವ್ಯ ಅಚ್ಚಾಗಿತ್ತಾದರೂ ಅದರಲ್ಲಿ ಕವಯಿತ್ರಿಯ ಪರಿಚಯದ ಭಾಗಗಳು ಬಿಟ್ಟುಹೋಗಿದ್ದವು. ನಾಗರತ್ನಮ್ಮನವರು ಹಸ್ತಪ್ರತಿಯನ್ನು ತರಿಸಿ, ಮುದ್ರಿತ ಪ್ರತಿಯೊಂದಿಗೆ ಹೋಲಿಸಿ, ಬಿಟ್ಟುಹೋದದ್ದನ್ನು ಸೇರಿಸಿ, ತಮ್ಮ ಪೀಠಿಕೆಯೊಂದಿಗೆ 1910ರಲ್ಲಿ ಮದರಾಸಿನ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಸಂಸ್ಥೆಯ ಮೂಲಕ ಪ್ರಕಟಿಸಿದರು. ಒಬ್ಬ ಗಾಯಕಿ ಗ್ರಂಥ ಸಂಪಾದನೆಗೆ ಕೈಹಾಕಿದ್ದು ಅಂದಿನ ದಿನಕ್ಕೆ ಸಣ್ಣ ಸಂಗತಿಯಲ್ಲ.

ತೆಲುಗಿನ ಹಿರಿಯ ಸಾಹಿತಿ ಹಾಗೂ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರು ತಮ್ಮ ಕವಿಚರಿತ್ರೆಯಲ್ಲಿ ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿಯೂ, ಹೆಣ್ಣಿನ ಬಾಯಲ್ಲಿ ಬರಬಾರದ ಮಾತು ಅದರಲ್ಲಿದೆಯೆಂದು ಜರಿದಿದ್ದರು. ನಾಗರತ್ನಮ್ಮನವರು ಸುಮ್ಮನಿರಲಿಲ್ಲ. ಗಂಡಸರು ಬರೆದ, ಇದಕ್ಕಿಂತಲೂ ಬಿಚ್ಚುನುಡಿಯ ಕಾವ್ಯಗಳು ಪಂಡಿತರಿಗೆ ಪಥ್ಯವಾಗುವುದಾದರೆ ಇದು ಮಾತ್ರ ಏಕೆ ಆಗದು, ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ಮೀಸಲೇ ಎಂಬ ಅರ್ಥದ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಅದಕ್ಕೆ ಸಿಕ್ಕ ಪ್ರತಿಫಲ ನಿಷೇಧ. ಅಶ್ಲೀಲವೆಂಬ ದೂರಿನ ಮೇಲೆ 1911ರಲ್ಲಿ ಪೊಲೀಸರು ಪ್ರತಿಗಳನ್ನು ವಶಪಡಿಸಿಕೊಂಡರು, ಸರ್ಕಾರ ಪುಸ್ತಕವನ್ನು ಬಹಿಷ್ಕರಿಸಿತು. ಸುಮಾರು ಮೂವತ್ತೈದು ವರ್ಷಗಳ ನಂತರ, ಟಂಗುಟೂರಿ ಪ್ರಕಾಶಂ ಅವರು ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ ಆ ನಿಷೇಧ ತೆರವಾಯಿತು. 1952ರಲ್ಲಿ ಕಾವ್ಯ ಮತ್ತೆ ಅಚ್ಚಾಯಿತು. ನಾಗರತ್ನಮ್ಮನವರು ತೀರಿಕೊಂಡದ್ದು ಅದೇ ವರ್ಷ.

ತಂದೆಯ ವಂಶದಲ್ಲಿ ಜಾಗ ಸಿಗದ ಹೆಣ್ಣೊಬ್ಬಳು ನೂರೈವತ್ತು ವರ್ಷಗಳ ಹಿಂದಿನ ಕವಯಿತ್ರಿಯಲ್ಲಿ ತನ್ನ ಹಿರಿಯಕ್ಕನನ್ನು ಕಂಡುಕೊಂಡಳು. ಕುಲದಿಂದ ಬಂದದ್ದು ಕೇವಲ ಕಳಂಕವಲ್ಲ, ಸರಸ್ವತಿಯೂ ಹೌದು ಎಂದು ಲೋಕಕ್ಕೆ ತೋರಿಸುವುದೇ ಅವರ ಉದ್ದೇಶವಾಗಿತ್ತು.

ತಿರುವಯ್ಯಾರಿನ ಕರೆ

ತ್ಯಾಗರಾಜರು 1847ರ ಜನವರಿಯಲ್ಲಿ ಕಾವೇರಿ ತೀರದ ತಿರುವಯ್ಯಾರಿನಲ್ಲಿ ದೇಹ ಬಿಟ್ಟರು. ಕೊನೆಗಾಲದಲ್ಲಿ ಸಂನ್ಯಾಸ ಸ್ವೀಕರಿಸಿದ್ದರಿಂದ ಅವರಿಗೆ ಅಲ್ಲೇ ಸಮಾಧಿಯಾಯಿತು. ಕಾಲಾಂತರದಲ್ಲಿ ಅದರ ಸುತ್ತ ಪೊದೆ ಬೆಳೆಯಿತು. 1903ರಲ್ಲಿ ಅವರ ಶಿಷ್ಯರಾದ ಉಮಯಾಳಪುರದ ಕೃಷ್ಣ ಭಾಗವತರು ಮತ್ತು ಸುಂದರ ಭಾಗವತರು ಅದನ್ನು ಗುರುತಿಸಿ ದುರಸ್ತಿ ಮಾಡಿಸಿದರು. ವರ್ಷ ವರ್ಷ ಆರಾಧನೆ ನಡೆಯತೊಡಗಿತು. ಬಹು ಬೇಗ ಆಯೋಜಕರಲ್ಲಿ ಒಡಕು ಹುಟ್ಟಿ, ದೊಡ್ಡ ಪಕ್ಷ, ಚಿಕ್ಕ ಪಕ್ಷ ಎಂದು ಎರಡು ಗುಂಪುಗಳಾದವು. ಉತ್ಸವಗಳೇನೋ ಎರಡಾದವು, ಸಮಾಧಿಗೆ ಮಾತ್ರ ಸೂರಿರಲಿಲ್ಲ.

1921ರಲ್ಲಿ ಮೈಸೂರಿನ ಸಂಗೀತ ವಿದ್ವಾನ್ ಬಿಡಾರಂ ಕೃಷ್ಣಪ್ಪನವರಿಂದ ನಾಗರತ್ನಮ್ಮನವರಿಗೆ ಒಂದು ಪತ್ರ ಬಂತು. ಪಿಟೀಲು ಚೌಡಯ್ಯನವರ ಗುರುಗಳೆಂದು ನಾವೆಲ್ಲ ಬಲ್ಲ ಕೃಷ್ಣಪ್ಪನವರು ತಿರುವಯ್ಯಾರಿನಲ್ಲಿ ಕಂಡ ದುಸ್ಥಿತಿಯನ್ನು ಆ ಪತ್ರದಲ್ಲಿ ತೋಡಿಕೊಂಡಿದ್ದರು. ಕನಸಿನಲ್ಲಿ ತ್ಯಾಗರಾಜರ ದರ್ಶನವಾಯಿತೆಂದೂ ಹೇಳುತ್ತಾರೆ. ನಾಗರತ್ನಮ್ಮನವರಿಗೆ ಆಗ ನಲವತ್ತೆರಡು ವರ್ಷ. ಕೈತುಂಬ ಗಳಿಕೆ, ಮೈತುಂಬ ಒಡವೆ, ಮದರಾಸಿನಲ್ಲಿ ಮನೆ. ಇವನ್ನೆಲ್ಲ ಒಂದೊಂದಾಗಿ ಕರಗಿಸಿ ಅವರು ತಿರುವಯ್ಯಾರಿನಲ್ಲಿ ಸಮಾಧಿಯ ಜಾಗವನ್ನು ಕೊಂಡು, 1921ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆ ಮಾಡಿ, ಗುಡಿ ಕಟ್ಟಿಸಿ, ತ್ಯಾಗರಾಜರ ವಿಗ್ರಹ ಮಾಡಿಸಿದರು. 1926ರ ಜನವರಿ 7ರಂದು ಕುಂಭಾಭಿಷೇಕ ನೆರವೇರಿತು.

ಆದರೆ ಗುಡಿ ಕಟ್ಟಿದವರಿಗೇ ಅಲ್ಲಿ ಹಾಡುವ ಅವಕಾಶವಿರಲಿಲ್ಲ! ಎರಡು ಪಕ್ಷದವರೂ ಜಗಳವಾಡುತ್ತಿದ್ದ ನೂರು ವಿಷಯಗಳಲ್ಲಿ ಇದೊಂದರಲ್ಲಿ ಮಾತ್ರ ಒಮ್ಮತವಿತ್ತು: ಹೆಂಗಸರಿಗೆ ವೇದಿಕೆಯಿಲ್ಲ. ಅಂದಿನ ದಿನಗಳಲ್ಲಿ ಸಾರ್ವಜನಿಕವಾಗಿ ಹಾಡುತ್ತಿದ್ದ ಹೆಂಗಸರೆಲ್ಲ ಬಹುಪಾಲು ದೇವದಾಸಿ ಕುಲದವರೇ. ಹೀಗಾಗಿ ಹೆಂಗಸರಿಗೆ ಇಲ್ಲವೆಂದರೆ ನಾಗರತ್ನಮ್ಮನವರ ಕುಲಕ್ಕೆ ಇಲ್ಲವೆಂದೇ ಅರ್ಥ. ಅವರ ದುಡ್ಡು ಬೇಕು, ಅವರ ಧ್ವನಿ ಬೇಡ.

ನಾಗರತ್ನಮ್ಮನವರು ಅಳುತ್ತ ಕೂರಲಿಲ್ಲ. ಸಮಾಧಿಯ ಹಿಂಬದಿಯಲ್ಲಿ ತಾವೇ ಒಂದು ಉತ್ಸವ ಆರಂಭಿಸಿದರು. ಹರಿಕಥೆ ಮಾಡಿದರು, ಹಾಡಿದರು, ತಮ್ಮ ಕುಲದ ಗಾಯಕಿಯರನ್ನು ಕರೆಸಿ ಹಾಡಿಸಿದರು. ಜನ ಅದನ್ನು ಹೆಂಗಸರ ಪಕ್ಷವೆಂದು ಕರೆದರು. ಸಿ. ಬನ್ನಿಬಾಯಿಯವರಂಥ ಕಿರಿಯ ಕಲಾವಿದೆಯರು ಹರಿಕಥಾ ರಂಗದಲ್ಲಿ ಬೆಳೆಯಲು ಅವರ ಪ್ರೋತ್ಸಾಹ ನೆರವಾಯಿತು. ಹತ್ತಕ್ಕೂ ಹೆಚ್ಚು ವರ್ಷ ಒಂದೇ ಸಮಾಧಿಗೆ ಮೂರು ಆರಾಧನೆಗಳು ನಡೆದವು. ಕೊನೆಗೆ ಹಿರಿಯ ವಿದ್ವಾಂಸರ ಮತ್ತು ಅಧಿಕಾರಿಗಳ ಸಂಧಾನದಿಂದ 1940ರ ಹೊತ್ತಿಗೆ ಮೂರೂ ಒಂದಾದವು. ಎಲ್ಲರೂ ಒಟ್ಟಾಗಿ ಕುಳಿತು ಪಂಚರತ್ನ ಕೃತಿಗಳನ್ನು ಹಾಡುವ ಕ್ರಮವೂ ಆ ಏಕೀಕರಣದ ದಿನಗಳಲ್ಲೇ ಬಂದದ್ದು. ಕರೋಲ್ ಬಾಗಿನ ಜಮಖಾನದ ಮೇಲೆ ನಾವು ಕೂಡಿ ಹಾಡುವ ಗೋಷ್ಠಿಗಾಯನದ ಮೂಲ ಅದು.

ಒಂದೇ ಕುಲದ ಇಬ್ಬರು ಹೆಣ್ಣುಮಕ್ಕಳು

ತಿರುವಯ್ಯಾರಿನಲ್ಲಿ ಈ ಹೋರಾಟ ನಡೆಯುತ್ತಿದ್ದಾಗಲೇ ಮದರಾಸಿನಲ್ಲಿ ಇನ್ನೊಂದು ಹೋರಾಟ ಎದುರಾಯಿತು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸು ಶಾಸನ ಪರಿಷತ್ತಿನ ಮೊದಲ ಮಹಿಳಾ ಸದಸ್ಯೆ. ಅವರ ತಾಯಿಯೂ ಇದೇ ದೇವದಾಸಿ ಕುಲದಲ್ಲಿ ಹುಟ್ಟಿದವರು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ನಿಲ್ಲಿಸಬೇಕೆಂದು 1927ರಲ್ಲಿ ಅವರು ಪರಿಷತ್ತಿನಲ್ಲಿ ನಿರ್ಣಯ ಮಂಡಿಸಿದರು. 1929ರ ಕಾನೂನು ದೇವಾಲಯದ ಸೇವೆಯ ಬಂಧನವಿಲ್ಲದೆಯೇ ಇನಾಮು ಭೂಮಿಯನ್ನು ದೇವದಾಸಿಯರು ಅನುಭವಿಸಲು ದಾರಿ ಮಾಡಿತು. ಸಮರ್ಪಣೆಯನ್ನೇ ಅಪರಾಧವೆಂದು ಸಾರುವ ಶಾಸನ ಬಂದದ್ದು 1947ರಲ್ಲಿ.

ಈ ಪ್ರಯತ್ನಕ್ಕೆ ಎದುರು ನಿಂತ ಮದರಾಸು ಪ್ರಾಂತದ ದೇವದಾಸಿಯರ ಸಂಘಕ್ಕೆ ನಾಗರತ್ನಮ್ಮನವರೇ ಮುಂದಾಳು. ದೇವದಾಸಿಯೆಂದರೆ ವೇಶ್ಯೆಯೆಂದು ಕಾನೂನಿನಲ್ಲೇ ಬರೆದುಬಿಟ್ಟರೆ, ಶತಮಾನಗಳ ಸಂಗೀತ, ನೃತ್ಯ, ಪಾಂಡಿತ್ಯಗಳಿಗೆ ಕಳಂಕ ಹತ್ತುವುದೆಂಬುದು ಅವರ ವಾದ. ಈ ಕುಲದಲ್ಲಿ ಹೆಂಗಸರಿಗೆ ಆಸ್ತಿಯ ಹಕ್ಕು, ದತ್ತಿನ ಹಕ್ಕು ಇತ್ತು. ಅದನ್ನೂ ಕಿತ್ತುಕೊಂಡರೆ ಅವರಿಗೆ ಉಳಿಯುವುದೇನು ಎಂಬ ಆತಂಕವೂ ಅದರಲ್ಲಿತ್ತು.

ಇಂದು ಹಿಂತಿರುಗಿ ನೋಡುವಾಗ ನಮಗೆ ಒಬ್ಬರನ್ನು ಸರಿ, ಇನ್ನೊಬ್ಬರನ್ನು ತಪ್ಪು ಎನ್ನಲು ಮನಸ್ಸು ಬರುವುದಿಲ್ಲ. ಮಗುವನ್ನು ಕೇಳದೆ ಮಗುವಿನ ಕೊರಳಿಗೆ ತಾಳಿ ಕಟ್ಟುವ ಪದ್ಧತಿ ಹೋಗಲೇಬೇಕಿತ್ತು. ಮುತ್ತುಲಕ್ಷ್ಮಿಯವರ ಆ ನಿಲುವಿಗೆ ಇಂದಿನ ಯಾವ ತಾಯಿಯೂ ಅಡ್ಡಿ ಹೇಳಲಾರಳು. ಆದರೆ ಪದ್ಧತಿ ಹೋಗುವಾಗ ಅದನ್ನು ಹೊತ್ತ ಹೆಂಗಸರ ಮರ್ಯಾದೆ, ಜೀವನೋಪಾಯ, ವಿದ್ಯೆಗಳೂ ಕೊಚ್ಚಿಹೋದವು. ಅವರು ಕಾಪಾಡಿದ ಕಲೆಯನ್ನು ಇತರ ಮನೆತನಗಳು ಗೌರವದಿಂದ ಕಲಿತವು; ಕಾಪಾಡಿದವರ ಮಕ್ಕಳು ಮಾತ್ರ ತಮ್ಮ ಅಜ್ಜಿಯರ ಹೆಸರು ಹೇಳಲು ಹಿಂಜರಿಯಬೇಕಾಯಿತು. ನಾಗರತ್ನಮ್ಮನವರ ಆತಂಕ ಸುಳ್ಳಾಗಿರಲಿಲ್ಲ. ಒಬ್ಬರು ಬಂಧನವನ್ನು ಕತ್ತರಿಸಲು ಹೊರಟರು, ಇನ್ನೊಬ್ಬರು ವಿದ್ಯೆಯನ್ನು ಉಳಿಸಲು ಹೊರಟರು. ಒಂದೇ ಹಣೆಬರಹಕ್ಕೆ ಒಂದೇ ಕುಲದ ಇಬ್ಬರು ಹೆಣ್ಣುಮಕ್ಕಳು ಕೊಟ್ಟ ಎರಡು ಉತ್ತರಗಳು ಅವು.

ಕೊನೆಯ ದಿನಗಳು

ನಾಗರತ್ನಮ್ಮನವರು ಬಾಳಿನ ಸಂಜೆಯನ್ನು ತಿರುವಯ್ಯಾರಿನಲ್ಲೇ ಕಳೆದರು. ಅಷ್ಟು ಗಳಿಸಿದ್ದ ಕಲಾವಿದೆ ಅತ್ಯಂತ ಸರಳವಾಗಿ, ಸಮಾಧಿಯ ನಿತ್ಯಪೂಜೆಯನ್ನೇ ದಿನಚರಿಯಾಗಿಸಿಕೊಂಡು ಬದುಕಿದರು. ವಿದ್ಯಾಸುಂದರಿ, ಗಾಯಕ ಶಿರೋಮಣಿ, ತ್ಯಾಗಸೇವಾಸಕ್ತಾ ಎಂಬ ಬಿರುದುಗಳು ಬಂದವು. ತೆಲುಗು ಮತ್ತು ತಮಿಳಿನಲ್ಲಿ ಕೆಲವು ಪುಸ್ತಕಗಳನ್ನೂ ಬರೆದರು. ಕುಡಿತದ ಕೆಡುಕನ್ನು ಕುರಿತದ್ದು ಅವುಗಳಲ್ಲೊಂದು. 1949ರಲ್ಲಿ ಮರಣಶಾಸನ ಬರೆಸಿ ತಮ್ಮ ಆಸ್ತಿಯನ್ನೆಲ್ಲ ಸಮಾಧಿಯ ಸೇವೆಗೆ ಬಿಟ್ಟುಕೊಟ್ಟರು. ಆರಾಧನೆಯಲ್ಲಿ ಗಂಡಸರಿಗಿರುವಷ್ಟೇ ಹಕ್ಕು ಹೆಂಗಸರಿಗೂ ಇರಬೇಕೆಂಬ ಷರತ್ತನ್ನು ಅದಕ್ಕೆ ಸೇರಿಸಲು ಅವರು ಮರೆಯಲಿಲ್ಲ.

1952ರ ಮೇ 19ರಂದು ಅವರು ಕಣ್ಮುಚ್ಚಿದರು. ತ್ಯಾಗರಾಜರ ಸಮಾಧಿಯ ಸನಿಹದಲ್ಲೇ ಅವರ ಸ್ಮಾರಕವಿದೆ. ಕೈಜೋಡಿಸಿ ಕುಳಿತ ಅವರ ವಿಗ್ರಹವನ್ನು ತಿರುವಯ್ಯಾರಿಗೆ ಹೋದವರು ಕಂಡೇ ಇರುತ್ತೀರಿ. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಆ ಕಾವೇರಿ ಹರಿದು ತಿರುವಯ್ಯಾರನ್ನು ಮುಟ್ಟುತ್ತಾಳೆ. ಹುಟ್ಟೂರಿನ ನೀರು ಹರಿದುಹೋಗುವ ದಡದಲ್ಲೇ ಅವರೂ ನೆಲೆಯಾದರು.

ನಮಗೆ ಬಂದ ಬಳುವಳಿ

ಈ ಕುಲದ ಕಥೆ ನಾಗರತ್ನಮ್ಮನವರೊಂದಿಗೆ ಮುಗಿಯುವುದಿಲ್ಲ. ವೀಣೆ ಧನಮ್ಮಾಳರ ಮೊಮ್ಮಗಳು ಬಾಲಸರಸ್ವತಿಯವರು ಭರತನಾಟ್ಯವನ್ನು ಕಡಲಾಚೆಗೆ ಒಯ್ದರು. ಮಧುರೆಯ ವೀಣಾವಾದಕಿ ಷಣ್ಮುಖವಡಿವು ಅವರ ಮಗಳು ಎಂ. ಎಸ್. ಸುಬ್ಬುಲಕ್ಷ್ಮಿಯವರಿಗೆ 1998ರಲ್ಲಿ ನಮ್ಮ ಈ ದೆಹಲಿಯಲ್ಲೇ ರಾಷ್ಟ್ರಪತಿಗಳು ಭಾರತರತ್ನವನ್ನು ಪ್ರದಾನ ಮಾಡಿದರು. ಅವರ ಅಜ್ಜಿ ಅಕ್ಕಮ್ಮಾಳ್ ಪಿಟೀಲು ವಾದಕಿ. ಮೂರು ತಲೆಮಾರಿನ ಹೆಂಗಸರು ಕೈಯಿಂದ ಕೈಗೆ ದಾಟಿಸಿದ ವಿದ್ಯೆ ದೇಶದ ಅತ್ಯುನ್ನತ ಗೌರವವನ್ನು ಮುಟ್ಟಿತು.

ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ನಮ್ಮ ನಾಡಿನಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕರ್ನಾಟಕದ ಶಾಸನ ಬಂದದ್ದು 1982ರಲ್ಲಿ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಎಲ್ಲಮ್ಮನ ಹೆಸರಿನಲ್ಲಿ ಬಡ ದಲಿತ ಕುಟುಂಬಗಳ ಹುಡುಗಿಯರಿಗೆ ಮುತ್ತು ಕಟ್ಟುವುದು ಆ ನಂತರವೂ ಗುಟ್ಟಾಗಿ ನಡೆದಿದೆ. ಆ ಹುಡುಗಿಯರಿಗೆ ನಾಗರತ್ನಮ್ಮನವರಿಗೆ ಸಿಕ್ಕಿದ್ದ ಸಂಗೀತವೂ ಇಲ್ಲ, ಸಂಸ್ಕೃತವೂ ಇಲ್ಲ, ಭೂಮಿಯೂ ಇಲ್ಲ. ಬಳುವಳಿಯ ಗಂಟಿನಲ್ಲಿ ವಿದ್ಯೆ ಇಲ್ಲದೆ ಬಂಧನವಷ್ಟೇ ಉಳಿದ ಸ್ಥಿತಿ ಅದು. ನಾಗರತ್ನಮ್ಮನವರನ್ನು ನೆನೆಯುವವರು ಈ ಹೆಣ್ಣುಮಕ್ಕಳನ್ನು ಮರೆತರೆ ನೆನೆದದ್ದು ಅರ್ಧವಾಗುತ್ತದೆ.

ದೂರದ ಊರಿನಲ್ಲಿ ನೆಲೆಸಿದ ನಮ್ಮಲ್ಲೂ ಒಂದು ಮಾತು ಬಳಕೆಯಲ್ಲಿದೆ: ಮಗಳಿಗೆ ಏನು ಕೊಟ್ಟು ಕಳಿಸುತ್ತೀರಿ ಎಂಬುದು. ನಮ್ಮ ಹಿರಿಯರು ಕರೋಲ್ ಬಾಗಿನ ಬರಸಾತಿಗಳಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಿದರು, ಸಂಗೀತ ಪಾಠ ಹೇಳಿಸಿದರು, ಕಾಲೇಜಿಗೆ ಕಳಿಸಿದರು. ಪುಟ್ಟಲಕ್ಷ್ಮಮ್ಮನವರು ಬಯಸಿದ್ದೂ ಅಷ್ಟೇ. ಅವರಿಗೆ ಆಯ್ಕೆ ಇರಲಿಲ್ಲ, ನಮಗೆ ಇದೆ. ವ್ಯತ್ಯಾಸ ಅಷ್ಟು ಮಾತ್ರ.

ಮುಂದಿನ ಪುಷ್ಯ ಬಹುಳ ಪಂಚಮಿಯಂದು ನಮ್ಮ ಹೆಣ್ಣುಮಕ್ಕಳು ನಾಟ ರಾಗದ ಮೊದಲ ಕೃತಿಯನ್ನು ಎತ್ತಿಕೊಳ್ಳುವ ಮುನ್ನ, ಅವರಿಗೆ ನಂಜನಗೂಡಿನ ಈ ತಾಯಿ-ಮಗಳ ಹೆಸರನ್ನು ಹೇಳ\u200cೋಣ. ಸಮಾಧಿಯ ಹಿಂಬದಿಯಲ್ಲಿ ನಿಂತು ಹಾಡಿದವರೊಬ್ಬರಿದ್ದರು, ಆದ್ದರಿಂದ ನೀವು ಮುಂದಿನ ಸಾಲಿನಲ್ಲಿ ಕುಳಿತಿದ್ದೀರಿ ಎಂದು ಅವರಿಗೆ ತಿಳಿದಿರಲಿ.